ಕೈ ಮಾಡಿದ್ದು

ಕಾರ್ಮಿಕ ನ್ಯಾಯಾಲಯದ ದುಭಾಷಿಗೆ ಕಚೇರಿಯಲ್ಲಿ ನಿಘಂಟಕ್ಕ ಎಂದೇ ಹೆಸರು. ಇಟ್ಟವರು ಗೇಲಿಗೆ ಇಟ್ಟರು. ಆಕೆ ಬಿರುದೆಂದು ಸ್ವೀಕರಿಸಿದರು. ಮೂವತ್ತೊಂದು ವರ್ಷ ಏಳು ತಿಂಗಳ ಸೇವೆಯಲ್ಲಿ ಸಾಕ್ಷಿಗಳ ಮಾತನ್ನು ಇಂಗ್ಲಿಷಿಗೆ ತಿರುಗಿಸುವುದೊಂದೇ ಅವರ ಕೆಲಸ. ಎರಡು ಭಾಷೆ ಬಂದವರೆಲ್ಲ ಮಾಡಬಹುದಾದ ಕೆಲಸವಿದು ಎಂದು ತಿಳಿದವರು ಮೇಲಧಿಕಾರಿಗಳಲ್ಲೂ ಇದ್ದರು. ಅಂಥವರು ಒಂದೇ ಒಂದು ದಿನ ಆ ಕುರ್ಚಿಯಲ್ಲಿ ಕುಳಿತು ನೋಡಬೇಕಿತ್ತು.

ಸಾಕ್ಷಿ "ತಲೆ ಆಡಿಸಿದ" ಎನ್ನುತ್ತಾನೆ. ಒಪ್ಪಿ ಆಡಿಸಿದನೋ, ಒಲ್ಲೆನೆಂದು ಆಡಿಸಿದನೋ? ಇಂಗ್ಲಿಷಿನಲ್ಲಿ ಮೊದಲನೆಯದು ನಾಡ್, ಎರಡನೆಯದು ಶೇಕ್. ನಿಘಂಟಕ್ಕ ಬಿಡದೆ ಕೇಳುತ್ತಿದ್ದರು: "ಮೇಲೆ ಕೆಳಗೋ, ಅಕ್ಕಪಕ್ಕಕ್ಕೋ?" ಸಾಕ್ಷಿ ತಾನೇ ತಲೆ ಆಡಿಸಿ ತೋರಿಸುತ್ತಿದ್ದ, ಎರಡಕ್ಕೂ ಸಲ್ಲುವ ಹಾಗೆ.

ಅವರ ಬಳಿ ನೀಲಿ ರಟ್ಟಿನ ಪುಸ್ತಕವೊಂದಿತ್ತು. ಅದರಲ್ಲಿ ಬರಿಯ ಚಲನೆಯ ಮಾತುಗಳು. ನಡಿಗೆಗೇ ನಲವತ್ತಮೂರು ಇಂಗ್ಲಿಷ್ ಪದ. ಹೊತ್ತು ಕಳೆಯಲು ಅಡ್ಡಾಡಿದರೆ ಸ್ಟ್ರೋಲ್. ದಾಪುಗಾಲು ಹಾಕಿದರೆ ಸ್ಟ್ರೈಡ್. ದಣಿದು ಹೆಜ್ಜೆ ಕಿತ್ತಿಟ್ಟರೆ ಟ್ರಡ್ಜ್. ಪಾದ ಎತ್ತದೆ ನೆಲ ಸವರಿಕೊಂಡು ಹೋದರೆ ಶಫಲ್. ಒಬ್ಬ ಮನುಷ್ಯನ ಇಡೀ ದಿನದ ಆಯಾಸ ಒಂದೇ ಉಸಿರಿನ ಪದದಲ್ಲಿ ಅಡಗಿರುವುದನ್ನು ಕಂಡಾಗ ಅವರು ಪೆನ್ನು ಕೆಳಗಿಟ್ಟು ಸುಮ್ಮನೆ ಕುಳಿತುಬಿಡುತ್ತಿದ್ದರು. ಹಾಗೆಂದು ನಮ್ಮದೇನೂ ಬಡಪಾಯಿ ಭಾಷೆಯಲ್ಲ. "ಕೊಸರಾಡು" ಎಂಬುದರ ಎದುರಿನ ಅಂಕಣ ಹದಿನಾಲ್ಕು ವರ್ಷಗಳಿಂದ ಖಾಲಿಯಿತ್ತು.

ಇಷ್ಟು ಜಾಗರೂಕರಾದ ಆಕೆಯ ಕೈಯಿಂದಲೇ ತಪ್ಪು ನಡೆದುಹೋಯಿತು.

ಸರಕು ಇಳಿಸುವ ಅಂಗಳವೊಂದರಲ್ಲಿ ಕ್ರೇನಿಗೆ ಕೈಸನ್ನೆ ಕೊಡುವ ಕೆಲಸಗಾರ, ಮೇಲ್ವಿಚಾರಕರನ್ನು ಹೊಡೆದನೆಂದು ಕೆಲಸ ಕಳೆದುಕೊಂಡಿದ್ದ. ಹತ್ತೊಂಬತ್ತು ವರ್ಷದ ನೌಕರಿ. ಇದ್ದ ಸಾಕ್ಷಿ ಒಬ್ಬನೇ, ಕ್ರೇನ್ ಚಾಲಕ. ಅವನ ಲಿಖಿತ ಹೇಳಿಕೆಯಲ್ಲಿ ಹೀಗಿತ್ತು: "ಒಂದು ಕೈ ನನ್ನ ಕಡೆ ಚಾಚಿಕೊಂಡು, ಇನ್ನೊಂದರಲ್ಲಿ ಸಾಹೇಬರಿಗೆ ಕೈ ಮಾಡಿದ. ಅವರು ಬಿದ್ದರು, ತುಟಿ ಒಡೆಯಿತು." ಅಂದು ನಲವತ್ತು ಪುಟ ಮುಗಿಸಬೇಕಿತ್ತು. ನಿಘಂಟಕ್ಕ "ಕೈ ಮಾಡಿದ" ಎಂಬಲ್ಲಿ ಸ್ಟ್ರಕ್, ಅಂದರೆ ಹೊಡೆದ, ಎಂದು ಬರೆದು ಪುಟ ತಿರುಗಿಸಿದರು. ನ್ಯಾಯಾಧೀಶರಿಗೆ ಕನ್ನಡ ಬಾರದು. ಅವರ ಪಾಲಿಗೆ ಆ ಇಂಗ್ಲಿಷ್ ಪದವೇ ಸಾಕ್ಷ್ಯ.

ಅಂತಿಮ ವಿಚಾರಣೆಯ ಬೆಳಿಗ್ಗೆ ಅವರು ಕಡತ ಎದೆಗವಚಿಕೊಂಡು ನ್ಯಾಯಾಲಯದ ಅಂಗಳ ದಾಟುತ್ತಿದ್ದರು. ಹಿಂದಿನಿಂದ ಕಚೇರಿಯ ಜವಾನ ಏದುಸಿರು ಬಿಡುತ್ತ ಓಡಿಬಂದ.

"ಏನಕ್ಕಾ ನೀವು! ಗೇಟಿನ ಹತ್ರದಿಂದ ಕೈ ಮಾಡ್ತಾನೇ ಇದೀನಿ, ತಿರುಗಿ ನೋಡೋದೇ ಇಲ್ವಲ್ಲ. ಕನ್ನಡಕ ಮರೆತು ಬಂದಿದೀರಿ, ತಗೊಳಿ."

"ಏನು ಮಾಡ್ತಿದ್ದೆ ಅಂದೆ?"

"ಕೈ ಮಾಡ್ತಿದ್ದೆ."

"ನನ್ನ ಮೇಲಾ?"

"ಅಯ್ಯೋ ನಿಮ್ಮ ಮೇಲೆ ಯಾಕಕ್ಕ ಕೈ ಮಾಡ್ಲಿ? ನನಗೆ ಕೆಲಸ ಬೇಡ್ವಾ? ನಿಮಗೆ ಕೈ ಮಾಡ್ದೆ."

ನಿಘಂಟಕ್ಕ ನಿಂತಲ್ಲೇ ಕಡತ ಬಿಚ್ಚಿದರು. ಹೇಳಿಕೆಯಲ್ಲಿ "ಸಾಹೇಬರ ಮೇಲೆ" ಇರಲಿಲ್ಲ. "ಸಾಹೇಬರಿಗೆ" ಎಂದಿತ್ತು. "ಮೇಲೆ" ಕೈ ಮಾಡಿದರೆ ಏಟು. "ಗೆ" ಕೈ ಮಾಡಿದರೆ ಕರೆ. ಒಂದು ಅಕ್ಷರದ ವಿಭಕ್ತಿಯಲ್ಲಿ ಒಬ್ಬನ ಅನ್ನ ನೇತಾಡುತ್ತಿತ್ತು.

ನ್ಯಾಯಾಲಯದಲ್ಲಿ ಅವರು ಎದ್ದು ನಿಂತು ತಮ್ಮ ಭಾಷಾಂತರ ತಪ್ಪೆಂದು ಹೇಳಿದರು. ಕಂಪನಿಯ ವಕೀಲರು ಕನ್ನಡದಲ್ಲೇ ತಿವಿದರು: "ಏನಮ್ಮಾ, ರಾತ್ರಿ ಕನಸು ಬಿತ್ತಾ? ಹೊಡೆಯೋದಕ್ಕೂ ಕರೆಯೋದಕ್ಕೂ ವ್ಯತ್ಯಾಸ ತಿಳಿಯೋಕೆ ಮೂವತ್ತೊಂದು ವರ್ಷ ಬೇಕಾಯ್ತಾ?"

"ಮೂವತ್ತೊಂದು ವರ್ಷ ಏಳು ತಿಂಗಳು," ಎಂದರು ನಿಘಂಟಕ್ಕ.

ನ್ಯಾಯಾಧೀಶರು ಇಬ್ಬರನ್ನೂ ತಡೆದು, ಕೆಲಸಗಾರನೇ ನಡೆದದ್ದನ್ನು ಮಾಡಿ ತೋರಿಸಲಿ ಎಂದರು. ಐವತ್ತು ದಾಟಿದ ಆ ಗಿಡ್ಡ ಮನುಷ್ಯನಿಗೆ ಎಡಗೈ ಹೆಬ್ಬೆರಳಿನ ಉಗುರು ಇರಲಿಲ್ಲ. ಅಷ್ಟು ಹೊತ್ತೂ ಆ ಕೈಗಳನ್ನು ಎಲ್ಲಿಡುವುದೆಂದು ತಿಳಿಯದೆ ನಿಂತಿದ್ದ ಆತ ಈಗ ಮೊದಲ ಬಾರಿ ನೆಟ್ಟಗಾದ.

"ಕ್ರೇನಿನವರು ಆ ಬಾಗಿಲ ಹತ್ರ ನಿಲ್ಲಲಿ ಸ್ವಾಮಿ. ಅವರಿಗೆ ನಾನು ಕಾಣ್ಬೇಕು."

ಚಾಲಕ ಹೋಗಿ ನಿಂತ. ಕೆಲಸಗಾರ ಮೊಣಕೈ ಮಡಿಸಿ ಮುಂಗೈ ನೆಟ್ಟಗೆ ನಿಲ್ಲಿಸಿ, ತೋರುಬೆರಳನ್ನು ಮೇಲಕ್ಕೆ ಹಿಡಿದು ಸಣ್ಣದಾಗಿ ಸುತ್ತಿಸಿದ: ಎತ್ತು. ಇನ್ನೊಂದು ಅಂಗೈಯನ್ನು ಆ ಬೆರಳ ಮೇಲೆ ಅಲುಗದಂತೆ ಹಿಡಿದ: ನಿಧಾನವಾಗಿ. ಬಾಗಿಲ ಬಳಿ ಚಾಲಕನ ಮುಷ್ಟಿ ತಾನಾಗಿ ಇಲ್ಲದ ಹಿಡಿಕೆಯೊಂದನ್ನು ಎಳೆಯುತ್ತಿತ್ತು. ಎಲ್ಲರ ಕಣ್ಣೂ ಮೇಲಕ್ಕೆ ಏರಿತು. ಅಲ್ಲಿ ಏನೂ ಇರಲಿಲ್ಲ. ಆದರೂ ಹತ್ತು ಟನ್ ತೂಗಾಡುತ್ತಿತ್ತು. ಅದರ ಅಡಿಗೆ ಸಿಕ್ಕ ಗುಮಾಸ್ತರು ಮೆಲ್ಲನೆ ಕುರ್ಚಿ ಪಕ್ಕಕ್ಕೆ ಎಳೆದುಕೊಂಡರು.

ನಿಘಂಟಕ್ಕ ಮೂರು ದಶಕ ಪುಸ್ತಕದಲ್ಲಿ ಕೂಡಿಟ್ಟ ಪದಗಳೆಲ್ಲ ಈ ಉಗುರಿಲ್ಲದ ಕೈಯಲ್ಲಿ ಜೀವಂತವಾಗಿದ್ದವು, ಒಂದರ ಅರ್ಥ ಇನ್ನೊಂದಕ್ಕೆ ಕೂದಲೆಳೆಯಷ್ಟೂ ತಗಲದಂತೆ. ಇಲ್ಲಿ ಪದ ತಪ್ಪಿದರೆ ತಿದ್ದುಪಡಿ ಪತ್ರ ಸಾಲದು; ಮನುಷ್ಯ ಚಟ್ನಿಯಾಗುತ್ತಾನೆ.

"ಆಗ ಸಾಹೇಬ್ರು ಬಂದು ಅಲ್ಲಿ ನಿಂತ್ರು," ಎಂದು ಆತ ವಕೀಲರು ನಿಂತ ಜಾಗ ತೋರಿಸಿದ. ಮರುಕ್ಷಣವೇ ಬಲತೋಳು ಪಕ್ಕಕ್ಕೆ ಚಾಚಿ, ಅಂಗೈ ಕೆಳಮಾಡಿ ಅತ್ತಿತ್ತ ಬೀಸಿತು: ನಿಲ್ಲಿಸು. ಬಾಗಿಲ ಬಳಿ ಚಾಲಕ ಕಲ್ಲಾದ. ಎಡಗೈ ವಕೀಲರತ್ತ ಚಾಚಿ, ನಾಲ್ಕು ಬೆರಳು ಒಟ್ಟಿಗೆ ತನ್ನತ್ತ ಮಡಚಿದವು. ಒಮ್ಮೆ. ಮತ್ತೊಮ್ಮೆ. ಮುಖದಲ್ಲಿ ಅಂದಿನ ಭಯವೇ ಇತ್ತು.

ವಕೀಲರು ಸರಸರನೆ ಎರಡು ಹೆಜ್ಜೆ ಮುಂದೆ ಬಂದರು.

ಬಂದ ಮೇಲೆ ತಾನೇಕೆ ಬಂದೆನೆಂದು ಗಾಬರಿಯಾಗಿ ನಿಂತರು. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ನ್ಯಾಯಾಧೀಶರು ನಗಲಿಲ್ಲ. ನಿಘಂಟಕ್ಕ ಬಾಯಿ ತೆರೆಯುವ ಮೊದಲೇ ಅವರು ಪದವನ್ನು ಉಚ್ಚರಿಸಿ ಬರೆದುಕೊಂಡರು: ಬೆಕನ್, ಕೈಸನ್ನೆಯಿಂದ ಕರೆಯುವುದು.

ಚಾಲಕ ಉಳಿದದ್ದನ್ನು ಹೇಳಿದ: "ಸಾಹೇಬ್ರು ಮೇಲೆ ನೋಡಿ ಹೆದರಿ ಹಿಂದಕ್ಕೆ ತಿರುಗಿ ಓಡಿದ್ರು ಸ್ವಾಮಿ, ಸರಪಳಿ ಎಡವಿ ಮುಗ್ಗರಿಸಿದ್ರು. ಇವನು ಅವರಿಂದ ಹನ್ನೆರಡು ಹೆಜ್ಜೆ ಆಚೆ ಇದ್ದ."

"ಇದನ್ನ ಆವತ್ತೇ ಬರೆಯೋದಲ್ವೇನಪ್ಪ?" ಎಂದರು ನಿಘಂಟಕ್ಕ, ತಡೆಯಲಾರದೆ.

"ಬರೆದಿದ್ದೆನಲ್ಲಮ್ಮ, ಕೈ ಮಾಡಿದ ಅಂತ!"

ಹದಿನಾರನೆಯ ದಿನ ಆದೇಶ ಬಂತು. ಕೆಲಸ ಮರಳಿ ಸಿಕ್ಕಿತು. ಅದೇ ಟಪಾಲಿನಲ್ಲಿ ನಿಘಂಟಕ್ಕನಿಗೂ ಒಂದು ಮೆಮೊ ಬಂತು: ತಪ್ಪು ಭಾಷಾಂತರಕ್ಕೆ ಏಳು ದಿನದೊಳಗೆ ವಿವರಣೆ. ದಿನಕ್ಕೆ ನಲವತ್ತು ಪುಟ ಹೇರಿದವರಿಗೆ ಯಾವ ಮೆಮೊವೂ ಹೋಗಲಿಲ್ಲ. ತಪ್ಪನ್ನು ತಾನೇ ಒಪ್ಪಿಕೊಂಡಾಕೆಗೆ ಹೋಯಿತು. ಇದು ಎಂಥ ನ್ಯಾಯ? ಆಕೆ ಮಾತ್ರ ತಪ್ಪು ತನ್ನದೇ ಎಂದು ಎರಡು ಸಾಲು ಬರೆದು ಕಳಿಸಿ, ಶನಿವಾರ ನೀಲಿ ಪುಸ್ತಕ ಹಿಡಿದು ಸರಕಿನ ಅಂಗಳಕ್ಕೆ ಹೋದರು.

ಹಳದಿ ಗೆರೆಯ ಆಚೆ ಆತ ನಿಂತಿದ್ದ. ನೆತ್ತಿಯ ಮೇಲೆ ಉಕ್ಕಿನ ತೊಲೆಯೊಂದು ತೇಲುತ್ತಿತ್ತು. ಬೆರಳು ಕೆಳಮುಖವಾಗಿ ಸುತ್ತಿತು, ತೊಲೆ ಇಳಿಯಿತು. ಅಂಗೈ ಬೀಸಿತು, ನಿಂತಿತು. ನಿಘಂಟಕ್ಕ ಗೆರೆಯ ಅಂಚಿನಲ್ಲಿ ನಿಂತು ನೋಡಿದರು, ಪುಸ್ತಕ ತೆರೆಯಲೇ ಇಲ್ಲ.

ಹೊರೆ ನೆಲ ಮುಟ್ಟಿದ ಮೇಲೆ ಆತ ತಿರುಗಿದ. ಆಕೆಯನ್ನು ಗುರುತಿಸಿದ. ದೂರದಿಂದಲೇ ನಿಘಂಟಕ್ಕನಿಗೆ ಕೈ ಮಾಡಿದ.

ಅವರು ಗೆರೆ ದಾಟಿ ಹೋದರು.