ಕಿತ್ತುಹಾಕಿದ ನೀಲಿ ಎಳೆಗಳು

ಕಳೆದ ವರ್ಷ ದಸರಾ ರಜೆ ಮುಗಿದ ಮರುವಾರ ಕಡೂರಿನ ಒಂದು ಸಮುದಾಯ ಭವನದಲ್ಲಿ ಕೈಮಗ್ಗದ ಬಟ್ಟೆಗಳ ಪ್ರದರ್ಶನ ನಡೆಯಿತು. ಅಲ್ಲಿ ನಡೆದದ್ದನ್ನು ಈವರೆಗೆ ಹತ್ತಾರು ಜನಕ್ಕೆ ಹೇಳಿದ್ದೇನೆ. ಹೇಳುವಾಗಲೆಲ್ಲ ನನ್ನ ಸಿಟ್ಟು ಹೊಸದಾಗುತ್ತದೆ, ಜೊತೆಗೆ ಒಂದು ಅನುಮಾನವೂ ಏಳುತ್ತದೆ. ಇತಿಹಾಸದಲ್ಲಿ ಎಂ.ಎ. ಮಾಡಿದವಳು ನಾನು. ನೆನಪು ಹೇಳಿದ್ದನ್ನೆಲ್ಲ ನಂಬಬಾರದು ಎಂದು ಅಲ್ಲಿಯೇ ಕಲಿತದ್ದು. ಹಾಗಾಗಿ ಬರೆಯುವ ಮುಂಚೆ ಆ ದಿನದ ಡೈರಿ ತೆಗೆದು ನೋಡಿದ್ದೇನೆ.

ತರೀಕೆರೆಯಲ್ಲಿ, ಬಾಗಿಲು ಮುಚ್ಚಿದ ಅಕ್ಕಿ ಗಿರಣಿಯೊಂದರ ಕಟ್ಟಡದಲ್ಲಿ ನಮ್ಮ ನೇಯ್ಗೆ ಕೇಂದ್ರವಿದೆ. ನಾಲ್ಕು ಮಗ್ಗಗಳು, ಒಂದು ಉದ್ದನೆಯ ಕಿಟಕಿ, ಎಷ್ಟು ಗುಡಿಸಿದರೂ ಮೂಲೆಯಿಂದ ಬರುವ ಹಳೆಯ ತೌಡಿನ ವಾಸನೆ. ಯಾರು ಬೇಕಾದರೂ ಬಂದು ಕಲಿಯಬಹುದು. ಕಲಿಸುವವರು ಜೈಬುನ್ನೀಸಾ. ಅರವತ್ತು ದಾಟಿದ ಅವರನ್ನು ನಾವೆಲ್ಲ ಜೈಬು ಆಪಾ ಎನ್ನುತ್ತೇವೆ. ಕಾಲೇಜಿನಲ್ಲಿ ಪಾಠ ಹೇಳಿ ಮುಗಿಸಿ ಸಂಜೆ ಹೊತ್ತು ಕಲಿಯಲು ಹೋಗುತ್ತಿದ್ದ ನನ್ನ ಜಂಬವನ್ನು ಅವರು ಮೊದಲ ವಾರವೇ ಇಳಿಸಿದರು.

“ಏನ್ರೀ ಮೇಡಂ, ಅಂಚು ಒಳಕ್ಕೋಗಿ ಬಟ್ಟೆಗೆ ಸೊಂಟ ಬಂದ್ಬಿಟ್ಟೈತೆ! ದಾರಾನ ಹಂಗ್ ಜಗ್ಬೇಡ್ರಿ, ಅದೇನು ಎಮ್ಮೆ ಹಗ್ಗಾನಾ?”

ಪಕ್ಕದ ಮಗ್ಗದಲ್ಲಿದ್ದ ಅಜ್ಜಂಪುರದ ಗಿರಿಜಮ್ಮ ಸುಮ್ಮನಿರಲಿಲ್ಲ. “ಬಿಡಿ ಆಪಾ, ನಮ್ಗಂತೂ ಇಲ್ಲ. ಬಟ್ಟೆಗಾದ್ರೂ ಸೊಂಟ ಇರ್ಲಿ.”

ಆಪಾ ಮಾಡಿದ ಒಂದು ಪದ್ಧತಿ ಅಲ್ಲಿದೆ. ಒಂದೇ ಬಟ್ಟೆಯನ್ನು ಒಬ್ಬರಾದ ಮೇಲೆ ಒಬ್ಬರು ನೇಯುವುದರಿಂದ, ಮಗ್ಗ ಬಿಟ್ಟು ಏಳುವವರು ತಮ್ಮ ಬಣ್ಣದ ಒಂದೇ ಒಂದು ಎಳೆಯನ್ನು ಅಡ್ಡಕ್ಕೆ ಹಾಯಿಸಿ ಏಳಬೇಕು. ಆಪಾ ಅವರದು ನೀಲಿ, ಗಿರಿಜಮ್ಮನದು ಹಸಿರು, ನನ್ನದು ಕಿತ್ತಳೆ. “ಎಲ್ಲೀಗಂಟ ಯಾರ ಕೈ ಅಂತ ಬಟ್ಟೇನೇ ಹೇಳ್ಬೇಕು. ನಾವ್ ಬಾಯಲ್ಲಿ ಹೇಳಿದ್ರೆ ಜಗಳ ಆಯ್ತದೆ” ಎನ್ನುತ್ತಿದ್ದರು.

ಅವರು ನನಗೆ ಲಾಳಿ ಹಿಡಿಯುವುದನ್ನು ಕಲಿಸಿದರು, ನಾನು ಅವರಿಗೆ ಕನ್ನಡದಲ್ಲಿ ಹೆಸರು ಬರೆಯುವುದನ್ನು ಕಲಿಸಿದೆ. ಆಪಾ ಶಾಲೆಯ ಮುಖ ನೋಡಿದವರಲ್ಲ. “ಈ ನ ಕೆಳಗೆ ಇನ್ನೊಂದು ನ ಯಾಕ್ರೀ ನೇತಾಡ್ತೈತೆ? ಬೀಳಲ್ವಾ ಅದು?” ಎಂದು ನಗುತ್ತಲೇ ಎರಡು ತಿಂಗಳು ತಿದ್ದಿದರು.

ಪ್ರದರ್ಶನಕ್ಕೆ ಕಳಿಸಿದ್ದು ಕಂದು, ಕಪ್ಪು ಪಟ್ಟೆಗಳ ಒಂದು ದಪ್ಪ ಹೊದಿಕೆ. ಅಮೃತಾಪುರದ ಬಸ್ಸಿನ ಕಿಟಕಿಯಿಂದ ಕಂಡ ಉತ್ತ ಹೊಲವನ್ನು ಮನಸ್ಸಿನಲ್ಲಿಟ್ಟುಕೊಂಡು ಆಪಾ ಕಟ್ಟಿದ ವಿನ್ಯಾಸ ಅದು. ಬಹುಪಾಲು ಅವರೇ ನೇಯ್ದರು. ಗಿರಿಜಮ್ಮ ಮೂರು ಗೇಣು, ನಾನು ಕೊನೆಯಲ್ಲಿ ಒಂದು ಗೇಣು. ಅರ್ಜಿ ತುಂಬಿದ್ದು ನಾನು, ಅದರಲ್ಲಿ ಪ್ರತಿಯೊಬ್ಬರ ಓದನ್ನೂ ಕೇಳಿದ್ದರು. ನೇಯ್ದವರ ಜಾಗದಲ್ಲಿ ಮೊದಲು ಜೈಬುನ್ನೀಸಾ, ಆಮೇಲೆ ಗಿರಿಜಮ್ಮ, ಕೊನೆಗೆ ನನ್ನ ಹೆಸರು ಬರೆದೆ. ಇದರಲ್ಲಿ ನನಗೆ ಸಂದೇಹವಿಲ್ಲ. ಏಕೆಂದರೆ ಕೆಳಗೆ ಅವರು ಸಹಿ ಹಾಕಿದರು. ಹೆಬ್ಬೆಟ್ಟು ಬಿಟ್ಟು ಅವರು ಹಾಕಿದ ಮೊದಲ ಸಹಿ ಅದು. ಡೈರಿಯಲ್ಲಿಯೂ ಇದೆ.

ಪ್ರದರ್ಶನದ ದಿನ ಮೂವರೂ ಬಸ್ಸಿನಲ್ಲಿ ಕಡೂರಿಗೆ ಹೋದೆವು. ಆಪಾ ಹೊಸ ಕನ್ನಡಕ ಹಾಕಿಕೊಂಡಿದ್ದರು. “ಹೆಸರು ಚೀಟಿ ಮೇಲೆ ಪ್ರಿಂಟ್ ಮಾಡಿ ಇಟ್ಟಿರ್ತಾರಂತೆ. ನೀವ್ಯಾರೂ ತೋರಿಸ್ಬಾರ್ದು, ನಾನೇ ಹುಡುಕ್ತೀನಿ” ಎಂದು ದಾರಿಯಲ್ಲಿಯೇ ತಾಕೀತು ಮಾಡಿದರು.

ನಾವು ತಲುಪುವಾಗ ಸಭೆ ಶುರುವಾಗಿತ್ತು. ಕೂತು ಸುಧಾರಿಸಿಕೊಳ್ಳುವಷ್ಟರಲ್ಲಿ ಮೈಕಿನಲ್ಲಿ ನನ್ನ ಹೆಸರು ಕೇಳಿತು. ಡಿಗ್ರಿ ಸಮೇತ. “ಉನ್ನತ ಶಿಕ್ಷಣ ಪಡೆದೂ ಮಗ್ಗ ಹಿಡಿದ ಇವರ ಕೈಯಲ್ಲಿ ಅರಳಿದ ಹೊದಿಕೆ” ಎಂದರು. ವೇದಿಕೆ ಹತ್ತಿದೆ. ಅತಿಥಿಗಳು ಹೊದಿಕೆಯನ್ನು ನನ್ನ ಹೆಗಲಿಗೆ ಹಾಕಿದರು, ಕೈಗೊಂದು ಪ್ರಶಸ್ತಿ ಪತ್ರ ಕೊಟ್ಟರು.

ಇಲ್ಲಿಂದ ಮುಂದೆ ನನ್ನ ನೆನಪು ಒಂದು ಹೇಳುತ್ತದೆ, ಡೈರಿ ಇನ್ನೊಂದು. ಜನಕ್ಕೆ ನಾನು ಹೇಳುತ್ತ ಬಂದಿರುವುದು ಹೀಗೆ: ವೇದಿಕೆಯ ಮೇಲೆಯೇ “ಇದು ನನ್ನದಲ್ಲ” ಎಂದೆ, ಸಂಘಟಕರು ಮುಜುಗರಕ್ಕೆ ಬಿದ್ದರು. ಡೈರಿಯಲ್ಲಿ ನನ್ನದೇ ಅಕ್ಷರದಲ್ಲಿ ಇರುವುದು: “ಮೇಲೆ ಏನೂ ಹೇಳಲಿಲ್ಲ. ಫೋಟೋ ತೆಗೆದರು. ಕೆಳಗೆ ಬಂದ ಮೇಲೆ ಜಗಳ.” ಫೋಟೋ ಕೂಡ ಇದೆ. ನಗುತ್ತಿದ್ದೇನೆ. ಗಾಬರಿಗೆ ಬಂದ ನಗು ಎನ್ನಬಹುದು. ಆದರೆ ನೋಡಿದರೆ ಹಾಗೆ ಕಾಣುವುದಿಲ್ಲ.

ಸಭೆ ಮುಗಿದು ಹೊದಿಕೆಯನ್ನು ಮತ್ತೆ ಪ್ರದರ್ಶನದ ಮೇಜಿನ ಮೇಲೆ ಹರಡಿದರು. ಆಪಾ ಅದರ ಮುಂದೆ ಬಗ್ಗಿ ನಿಂತಿದ್ದರು. ಚೀಟಿಯ ಮೇಲೆ ಬೆರಳಿಟ್ಟು ಎಡದಿಂದ ಬಲಕ್ಕೆ, ಮತ್ತೆ ಎಡದಿಂದ ಬಲಕ್ಕೆ ಹೋಗುತ್ತಿದ್ದರು. ನನ್ನನ್ನು ಕಂಡು ಕೇಳಿದರು, “ಇದ್ರಾಗೆ ಜ ಎಲ್ಲೈತೆ ಮೇಡಂ? ಕನ್ನಡಕ ಸರಿ ಇಲ್ವೇನೋ.”

ಚೀಟಿಯಲ್ಲಿ ಇದ್ದದ್ದು ನನ್ನ ಹೆಸರು ಮಾತ್ರ. ನನ್ನ ಬಾಯಿಂದ ಮಾತು ಹೊರಡುವ ಮುಂಚೆ ಅವರ ಕೈ ಬಟ್ಟೆಯ ಮೇಲೆ ಹೋಯಿತು. ಒಮ್ಮೆ ಸವರಿದರು, ಅಷ್ಟೇ. “ಅರೆ, ನನ್ ನೀಲಿ ಎಲ್ಲೋಯ್ತು?”

ನೀಲಿ ಇರಲಿಲ್ಲ. ಹಸಿರೂ ಇಲ್ಲ, ಕಿತ್ತಳೆಯೂ ಇಲ್ಲ. ಬಣ್ಣದ ಎಳೆಗಳನ್ನೆಲ್ಲ ಯಾರೋ ಕೂತು ಸೂಜಿಯಿಂದ ಒಂದೊಂದಾಗಿ ಕಿತ್ತಿದ್ದರು.

ಪ್ರದರ್ಶನದ ಸಂಯೋಜಕನನ್ನು ಹುಡುಕಿ ಹಿಡಿದೆ. ಇಸ್ತ್ರಿ ಮಾಡಿದ ಖಾದಿ ಜುಬ್ಬಾ ತೊಟ್ಟಿದ್ದ. “ಅದು ಮಿಸ್ಟೇಕ್ ತರ ಕಾಣ್ತಿತ್ತು ಮೇಡಂ. ನಮ್ಮ ಹುಡುಗೀರೇ ನೀಟಾಗಿ ತೆಗೆದುಕೊಟ್ರು” ಎಂದ.

“ಹೆಸರು? ಅರ್ಜಿಯಲ್ಲಿ ಮೊದಲು ಬರೆದದ್ದು ಯಾರ ಹೆಸರು? ಸಹಿ ಯಾರದು?”

“ನೋಡಿದೆ ಮೇಡಂ. ಆದ್ರೆ ಎಂ.ಎ. ಮಾಡಿರೋರು ನೇಯ್ದಿದ್ದಾರೆ ಅಂದ್ರೆ ಒಂದು ತೂಕ ಇರುತ್ತೆ. ಪೇಪರಿನವರೂ ಬರ್ತಾರೆ. ಆಯಮ್ಮ ಏನೂ ಅಂದ್ಕೊಳಲ್ಲ ಬಿಡಿ.”

ಆಯಮ್ಮ ಎರಡು ಮಾರು ದೂರದಲ್ಲಿಯೇ ನಿಂತಿದ್ದರು. ನಾನು ಕೂಗಾಡಿದೆ. ಏನೇನು ಅಂದೆನೋ ಡೈರಿಯಲ್ಲಿಯೂ ಇಲ್ಲ. ಗಿರಿಜಮ್ಮ ಅಂದದ್ದು ಮಾತ್ರ ಇದೆ: “ಏನಪ್ಪಾ, ನಿಮ್ಮವ್ವ ಹೆತ್ರೆ ಅವ್ವನ ಜಾಗ್ದಾಗೆ ಪಕ್ಕದ್ಮನೆ ಟೀಚರ್ ಹೆಸ್ರು ಬರೆಸ್ಕಂಡಿದೀಯಾ ನೀನು, ತೂಕ ಇರ್ಲಿ ಅಂತ?”

ಆತ “ಮುಂದಿನ ಸಲ ಸರಿ ಮಾಡೋಣ” ಎಂದು ಅತಿಥಿಗಳ ಊಟದ ಕಡೆ ಹೊರಟ. ಅಷ್ಟರಲ್ಲಿ ಆಪಾ ನನ್ನ ಬ್ಯಾಗಿಗೆ ಕೈ ಹಾಕಿ ಪೆನ್ನು ತೆಗೆದರು. ಚೀಟಿಯನ್ನು ಎಡಗೈಯಿಂದ ಒತ್ತಿ ಹಿಡಿದು, ನನ್ನ ಹೆಸರಿನ ಕೆಳಗೆ ಬರೆಯತೊಡಗಿದರು. ಬಹಳ ಹೊತ್ತು ಹಿಡಿಯಿತು. ಕುರ್ಚಿ ಮಡಚುತ್ತಿದ್ದವರು ನಿಂತು ನೋಡಿದರು. ಸಂಯೋಜಕ ತಿರುಗಿ ಬಂದು “ಅಮ್ಮಾ, ಕಾರ್ಡ್ ಹಾಳಾಗುತ್ತೆ” ಎಂದ. ಅವರು ತಲೆ ಎತ್ತಲಿಲ್ಲ. ಜೈಬುನ್ನೀ ಎನ್ನುವಷ್ಟರಲ್ಲಿ ಚೀಟಿ ಮುಗಿಯಿತು. ಕೊನೆಯ ಸಾ ಮೇಜಿಗೆ ಹಾಸಿದ್ದ ಬಿಳಿ ಬಟ್ಟೆಯ ಮೇಲೆ ಬಿತ್ತು.

ಅತಿಥಿಗಳು, ಪತ್ರಿಕೆಯವರು ಆಗಲೇ ಊಟಕ್ಕೆ ಹೊರಟಾಗಿತ್ತು. ಮರುದಿನ ಪತ್ರಿಕೆಯಲ್ಲಿ ಬಂದದ್ದು ನನ್ನ ನಗುಮುಖ, ನನ್ನ ಹೆಸರು. ತಿದ್ದುಪಡಿಗೆ ಎರಡು ಸಲ ಬರೆದೆ. ಹಾಕಲಿಲ್ಲ. ಪ್ರಶಸ್ತಿ ಪತ್ರವನ್ನು ಹಿಂದಿರುಗಿಸಿದೆ. ಅದಕ್ಕೆ ಸಂಯೋಜಕನಿಂದ ಬಂದ ಉತ್ತರ ಕೈ ಮುಗಿದ ಒಂದು ಚಿತ್ರ, ವಾಟ್ಸಾಪಿನಲ್ಲಿ.

ಆ ಹೊದಿಕೆ ಈಗ ನಮ್ಮ ಕೇಂದ್ರದ ಕಿಟಕಿಗೆ ತೂಗುತ್ತಿದೆ. ಬೆಳಕು ಹಿಂದಿನಿಂದ ಬಿದ್ದಾಗ ಎಳೆ ಕಿತ್ತ ಕಡೆಯಲ್ಲೆಲ್ಲ ಕೂದಲಷ್ಟು ಸಣ್ಣ ಬೆಳಕಿನ ಗೆರೆ ಕಾಣುತ್ತದೆ. ಉದ್ದಕ್ಕೂ ಇರುವವು ಆಪಾ ಅವರವು, ನಡುನಡುವೆ ಗಿರಿಜಮ್ಮನವು. ತುದಿಯಲ್ಲಿ, ಬಟ್ಟೆಗೆ ಸೊಂಟ ಬಂದಿರುವ ಜಾಗದಲ್ಲಿ, ನನ್ನದು ಒಂದೇ ಒಂದು. ನೀಲಿ ದಾರವನ್ನು ಮತ್ತೆ ಪೋಣಿಸೋಣ ಎಂದು ಕೇಳಿದ್ದೆ. ಆಪಾ ಒಪ್ಪಲಿಲ್ಲ. “ಬ್ಯಾಡ. ಕಿತ್ತಿದ್ದು ಕಾಣ್ಲಿ. ಆದ್ರೆ ಒಗೀಬೇಡ್ರಿ. ನೀರು ತಾಕಿದ್ರೆ ಅಕ್ಕಪಕ್ಕದ ಎಳೆ ಸರ್ಕೊಂಡು ಮುಚ್ಕಂಬಿಡ್ತೈತೆ.”

ಹೊಸದಾಗಿ ಕಲಿಯಲು ಬಂದವರು ಆ ಗೆರೆಗಳೇನು ಎಂದು ಕೇಳಿದರೆ ಹೇಳುವವಳು ನಾನೇ. ಮೊನ್ನೆ ಒಬ್ಬಳಿಗೆ ಹೇಳುವಾಗ, ವೇದಿಕೆಯ ಮೇಲೆಯೇ ಪ್ರತಿಭಟಿಸಿದೆ ಎಂದು ಮತ್ತೆ ನನ್ನ ಬಾಯಿಂದ ಬಂತು. ಮಗ್ಗದಲ್ಲಿದ್ದ ಆಪಾ ಲಾಳಿ ನಿಲ್ಲಿಸಿ ನನ್ನನ್ನು ನೋಡಿದರು. ಸಂಯೋಜಕನ ಮೇಲಿನ ಸಿಟ್ಟು ನನಗೆ ಇನ್ನೂ ಆರಿಲ್ಲ. ಆದರೆ ಆ ನೋಟ ನೆಟ್ಟದ್ದು ನನ್ನ ಮೇಲೆ. ಅದಕ್ಕೇ ಆ ಫೋಟೋದ ವಿಷಯವನ್ನೂ ಸೇರಿಸಿ ಇದನ್ನು ಬರೆಯುತ್ತಿದ್ದೇನೆ.

“ಎಷ್ಟು ಧೂಳು ಹಿಡಿದೈತೆ ನೋಡ್ರೀ” ಎಂದು ಗಿರಿಜಮ್ಮ ಗೊಣಗುತ್ತಾರೆ. ಹಿಡಿದಿದೆ, ನಿಜ. ಆದರೂ ಆ ಹೊದಿಕೆಯನ್ನು ನಾವಿನ್ನೂ ಒಗೆದಿಲ್ಲ.