ಪುಡಿ ಹಾಕಿ ಹತ್ತು ನಿಮಿಷ ನೆನೆಸು

ನನ್ನ ಗಂಡನಿಗೆ ಬೀಜದ ಫಾರಂನಲ್ಲಿ ಎಲ್ಲರೂ ಧ್ಯಾನಪ್ಪ ಅಂತಾರೆ. ಅದು ಅವರ ಹೆಸರಲ್ಲ. ಕಳೆ ಔಷಧಿ ಕಲಸೋವಾಗ ಟ್ಯಾಂಕಿನ ಪಕ್ಕ ಹತ್ತು ನಿಮಿಷ ಕಣ್ಣು ಮುಚ್ಚಿ ನಿಲ್ತಾರಲ್ಲ, ಅದಕ್ಕೆ ಬಿದ್ದ ಹೆಸರು. ಹದಿನಾಲ್ಕು ವರ್ಷದಿಂದ ಟ್ರ್ಯಾಕ್ಟರಿನ ಹಿಂದಿನ ಸ್ಪ್ರೇಯರ್ ಅವರ ಕೈಯಲ್ಲೇ ಇದೆ. ಟ್ಯಾಂಕಿಗೆ ಅರ್ಧ ನೀರು ಬಿಡ್ತಾರೆ. ನೀರು ಒಳಗೇ ತಿರುಗ್ತಾ ಇರಲಿ ಅಂತ ಪಂಪು ಹಾಕ್ತಾರೆ. ಪುಡೀನ ಬಾಯಿಯ ಜಾಲರಿ ಮೇಲೆ ಸ್ವಲ್ಪ ಸ್ವಲ್ಪವಾಗಿ ಉದುರಿಸ್ತಾರೆ. ಆಮೇಲೆ ಕೈಕಟ್ಟಿ ಕಣ್ಣು ಮುಚ್ಚಿದ್ರೆ ಮುಗೀತು, ಆಕಾಶ ಕಳಚಿ ಬಿದ್ರೂ ಅಲ್ಲಾಡಲ್ಲ. ಕಣ್ಣು ಬಿಟ್ಟ ಮೇಲೇ ಎಣ್ಣೆ, ಅಂದ್ರೆ ಔಷಧಿ ಎಲೆಗೆ ಅಂಟಲಿ ಅಂತ ಹಾಕೋ ಎಣ್ಣೆ. ಕೊನೆಗೆ ಮಿಕ್ಕ ನೀರು. ಇಷ್ಟು ವರ್ಷದಲ್ಲಿ ಅವರ ಫಿಲ್ಟರು ಒಂದು ಸಲವೂ ಕಟ್ಟಿಕೊಂಡಿದ್ದಿಲ್ಲ.

ನಾನು ಅವರ ಎರಡನೇ ಹೆಂಡತಿ. ಮೊದಲನೆಯವಳು ತೀರಿಕೊಂಡು ಎರಡು ವರ್ಷಕ್ಕೆ ನನ್ನನ್ನ ಮಾಡಿಕೊಂಡರು. ಅದೇ ಫಾರಂನ ಶೆಡ್ಡಿನಲ್ಲಿ ಬೀಜ ಆರಿಸ್ತೀನಿ. ನಾನು ಬಾಯಿಬಡುಕಿ, ಅವರಿಗೆ ಮಾತಿಗೆ ಬರಗಾಲ. ಕಣ್ಣು ಮುಚ್ಚಿ ಒಂದರಿಂದ ಎಣಿಸ್ತಾರೇನೋ ಅಂತ ಇಷ್ಟು ವರ್ಷ ಅಂದುಕೊಂಡಿದ್ದೆ. ಕೇಳೋಕೆ ಹೋಗಿರಲಿಲ್ಲ. ಹೋದ ಭಾನುವಾರ ಊಟದ ಡಬ್ಬಿ ಕೊಡೋಕೆ ಹೋದಾಗ ಸುಮ್ಮನೆ ಬಾಯಿಗೆ ಬಂತು, ಕೇಳಿಬಿಟ್ಟೆ.

“ರೀ, ಕಣ್ಣು ಮುಚ್ಚಿ ಏನ್ ಮಾಡ್ತೀರ?”

“ಅವಳನ್ನ ನೆನೆಸ್ಕೋತೀನಿ.”

“ಯಾವಳನ್ನ?”

“ಅವಳನ್ನೇ. ತೀರಿಕೊಂಡವಳನ್ನ.”

ಸುಳ್ಳು ಹೇಳೋಕೂ ಬರಲ್ಲ ಈ ಮನುಷ್ಯನಿಗೆ! ಕೆಲಸ ಕಲಿಸಿದ ಹಳೇ ಮೇಸ್ತ್ರಿ ಹಾಗೇ ಹೇಳಿಕೊಟ್ಟಿದ್ದಂತೆ. ಪುಡಿ ಹಾಕು, ಹತ್ತು ನಿಮಿಷ ನೆನೆಸು, ಆಮೇಲೆ ಎಣ್ಣೆ. ಯಾರನ್ನ ಅಂತ ಇವರು ಕೇಳಿದ್ದಕ್ಕೆ, ಒಳಗಿರೋರನ್ನ ಅಂದರಂತೆ. ಆಗ ಅವಳು ಹೋಗಿ ಇನ್ನೂ ತಿಂಗಳಾಗಿರಲಿಲ್ಲ. ಒಳಗಿದ್ದವಳು ಅವಳೊಬ್ಬಳೇ. ಎತ್ತು ಈಯಿತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅಂದ ಹಾಗೆ, ಮೇಸ್ತ್ರಿ ಅಂದ, ಇವರು ಮಾಡಿದರು.

ನನ್ನ ಹೊಟ್ಟೆ ಉರಿದುಹೋಯ್ತು. ಟ್ಯಾಂಕಿಗೆ ಹತ್ತು ನಿಮಿಷ, ದಿನಕ್ಕೆ ಐದು ಟ್ಯಾಂಕು. ಸತ್ತ ಸವತಿಗೆ ಐವತ್ತು ನಿಮಿಷ! ಬದುಕಿರೋ ನನಗೆ “ಉಪ್ಪು ಕೊಡು”, “ಲೈಟ್ ಆರಿಸು” ಬಿಟ್ಟರೆ ಮೂರನೇ ಮಾತಿಲ್ಲ. “ಇವತ್ತಿಗೆ ಸಾಕು. ನಾಳೆಯಿಂದ ಕಣ್ಣು ಮುಚ್ಚಿದ್ರೆ ನನ್ನ ಆಣೆ” ಅಂದೆ. ಅವರು ನನ್ನ ಮುಖ ನೋಡಿ “ಆಯ್ತು” ಅಂದರು.

ಸೋಮವಾರ ಪುಡಿ ಹಾಕಿದ ಕೈಯಲ್ಲೇ ಎಣ್ಣೆ ಸುರಿದು ಹೊರಟಿದ್ದಾರೆ. ನಾಲ್ಕನೇ ಸಾಲಿಗೆ ಫಿಲ್ಟರು ಕಟ್ಟಿತು. ಬಿಚ್ಚಿದ್ರೆ ಒಳಗೆ ಅಂಟಂಟು ಬಿಳೀ ಮುದ್ದೆ. ತೊಳೆದು ಹಾಕಿದರು, ಮತ್ತೆ ಕಟ್ಟಿತು. ಡ್ರೈವರ್ ನೀರು ಸರಿ ಇಲ್ಲ ಅಂದ, ನೀರು ಬದಲಾಯಿಸಿದರು. ಮ್ಯಾನೇಜರ್ ಪುಡಿ ಹಳೇದು ಅಂದ, ಹೊಸ ಚೀಲ ಒಡೆದರು. ಮಂಗಳವಾರವೂ ಅದೇ ಕಥೆ, ಮೂರು ಸಲ. ಯಾರಿಗೂ ತಲೆಬುಡ ತಿಳೀಲಿಲ್ಲ. ಕಳೆ ಎರಡೆಲೆ ದಾಟಿದ್ರೆ ಔಷಧಿಗೆ ಸಾಯಲ್ಲ. ಮ್ಯಾನೇಜರ್ ಖಡಾಖಂಡಿತ ಹೇಳಿಬಿಟ್ಟ: ಬುಧವಾರ ಒಂದು ಸಲ ನಿಂತರೂ ಸ್ಪ್ರೇಯರ್ ಬೇರೆಯವರಿಗೆ, ಧ್ಯಾನಪ್ಪ ಮೂಟೆ ಹೊರೋಕೆ. ಐವತ್ತೆರಡು ವರ್ಷದ ಸೊಂಟ, ಬಗ್ಗಿ ಚಪ್ಪಲಿ ಹಾಕ್ಕೊಳ್ಳೋಕೇ ಗೋಡೆ ಹಿಡೀತಾರೆ. ಮೂಟೆ ಹೊತ್ತರೆ ಒಂದು ವಾರ ಬಾಳೋ ಸೊಂಟ ಅಲ್ಲ ಅದು.

“ಅವಳಿಗೆ ಬೇಜಾರಾಗಿದೆ ಕಣೇ” ಅಂದರು, ಸಂಜೆ ಬಾಗಿಲಲ್ಲಿ ಕೂತು ಕಾಲು ತೊಳೀತಾ.

ನಾನು ಇಂಥದ್ದನ್ನೆಲ್ಲ ನಂಬೋಳಲ್ಲ. ನಗು ಬಂತು. ನಕ್ಕು ಮುಗಿಸೋದ್ರೊಳಗೆ ಹೆದರಿಕೆ ಆಯ್ತು. ಬೇರೆ ಕಾರಣ ಏನಿದೆ? ನೀರು ಬದಲಾಯಿಸಿದ್ರೂ ಕಟ್ಟಿತು, ಪುಡಿ ಬದಲಾಯಿಸಿದ್ರೂ ಕಟ್ಟಿತು, ಕೈ ಅದೇ. ಬಿಡಿಸಿದ್ದು ಅವಳನ್ನ ಮಾತ್ರ, ಬಿಡಿಸಿದವಳು ನಾನು. ಸತ್ತವಳು ಫಿಲ್ಟರಿಗೆ ಹೋಗಿ ಕೂತ್ಕೋತಾಳಾ, ಥೂ! ತಲೆ ಕೆಟ್ಟು ಮೊಸರು ಗಡಿಗೆ ಆಯ್ತು. ಚಪ್ಪಲಿ ಮೆಟ್ಟಿಕೊಂಡು ಹಳೇ ಮೇಸ್ತ್ರಿ ಮನೆಗೆ ನಡೆದೆ.

ಮುದುಕ ಹಜಾರದಲ್ಲಿ ರೇಡಿಯೋ ಬಿಚ್ಚಿ ಹರಡಿಕೊಂಡು ಕೂತಿದ್ದ.

“ಮೇಸ್ತ್ರಿಗಳೇ, ಪುಡಿ ಹಾಕಿದ ಮೇಲೆ ಸತ್ತವರನ್ನ ನೆನೆಸ್ಕೋಬೇಕು ಅಂತ ನಮ್ಮನೆಯವರಿಗೆ ಯಾಕ್ರೀ ಹೇಳಿಕೊಟ್ರಿ?”

“ಯಾರಮ್ಮ ಸತ್ತಿದ್ದು?” ಅಂದ, ಗಾಬರಿಯಿಂದ.

ಎಲ್ಲಾ ಬಿಡಿಸಿ ಹೇಳಿದೆ. ಅವನ ಬಾಯಿ ತೆರೆದದ್ದು ತೆರೆದ ಹಾಗೇ ಇತ್ತು.

“ಅಯ್ಯೋ ನಿನ್ನ! ಪುಡೀನ ನೆನೆಸು ಅಂದಿದ್ದು ಕಣಮ್ಮ! ಬಟ್ಟೆ ನೆನೆಸಲ್ವಾ, ಕಾಳು ನೆನೆಸಲ್ವಾ, ಹಂಗೆ! ಪುಡಿ ನೀರು ಕುಡಿದು ಬಿಡಿಸ್ಕೊಳ್ಳೋ ಮುಂಚೆ ಎಣ್ಣೆ ಬಿದ್ರೆ, ಎಣ್ಣೆ ಮೆತ್ಕೊಂಡು ಗಂಟಾಗುತ್ತೆ. ಆಮೇಲೆ ಎಷ್ಟು ತಿರುಗಿಸಿದ್ರೂ ಕರಗಲ್ಲ. ಆ ಗಂಟೆಲ್ಲ ಹೋಗಿ ಫಿಲ್ಟರಿಗೆ ಕೂರುತ್ತೆ.”

“ಒಳಗಿರೋರನ್ನ ಅಂದ್ರಂತಲ್ಲ ನೀವು?”

“ಒಳಗಿರೋದನ್ನ! ಟ್ಯಾಂಕಿನ ಒಳಗಿರೋದನ್ನ! ಪಂಪು ಬಡ್ಕೋತಿತ್ತು, ಅವನಿಗೇನು ಕೇಳಿಸ್ತೋ, ನನಗೇನು ಕೇಳಿಸ್ತೋ!”

ಮುದುಕ ಕೆಮ್ಮು ಬರೋ ತನಕ ನಕ್ಕ. ನಾನೂ ನಕ್ಕೆ, ಸೆರಗಲ್ಲಿ ಕಣ್ಣು ಒರೆಸ್ಕೊಂಡೆ. ಅರ್ಧ ದಾರಿಗೆ ಬರೋ ಹೊತ್ತಿಗೆ ನಗು ನಿಂತಿತ್ತು. ಗೆದ್ದವಳು ನಾನೇ ತಾನೇ? ಇನ್ಮೇಲೆ ಅವಳಿಗೆ ಅಲ್ಲಿ ಕೆಲಸ ಇಲ್ಲ. ಮತ್ತೆ ಖುಷಿ ಯಾಕಾಗ್ತಿಲ್ಲ ಅಂತ ನನಗೇ ಗೊತ್ತಾಗ್ಲಿಲ್ಲ. ರಾತ್ರಿ ಅವರಿಗೆ ಏನೂ ಹೇಳಲಿಲ್ಲ.

ಬುಧವಾರ ಬೆಳಿಗ್ಗೆ ಶೆಡ್ಡಿಗೆ ಹೋಗದೆ ಸೀದಾ ನೀರು ತುಂಬೋ ಜಾಗಕ್ಕೆ ಹೋದೆ. ಪುಡಿ ಉದುರಿಸಿ ಎಣ್ಣೆ ಕ್ಯಾನಿಗೆ ಕೈ ಹಾಕಿದ್ದರು. ಕೈ ಹಿಡಿದು ನಿಲ್ಲಿಸಿ ಎಲ್ಲಾ ಹೇಳಿದೆ. ಬಟ್ಟೆ ನೆನೆಸಿದ ಹಾಗೆ, ಕಾಳು ನೆನೆಸಿದ ಹಾಗೆ ಅಂತ ಎರಡೆರಡು ಸಲ ಹೇಳಿದೆ. ಅವರು ಕಕ್ಕಾಬಿಕ್ಕಿಯಾಗಿ ಟ್ಯಾಂಕಿನ ಬಾಯಿ ನೋಡಿದರು, ನನ್ನನ್ನ ನೋಡಿದರು.

“ಹಂಗಾದ್ರೆ ಅವಳು ಬೇಡ್ವಾ?”

“ಪುಡಿಗೆ ಬೇಡ. ಸುಮ್ಮನೆ ಹತ್ತು ನಿಮಿಷ ಕಾದ್ರೆ ಆಯ್ತು.”

ಕ್ಯಾನು ಕೆಳಗಿಟ್ಟರು. ಕೈ ಎಲ್ಲಿ ಇಟ್ಕೋಬೇಕು ಅಂತ ಗೊತ್ತಾಗದೆ ಕಟ್ಟಿದರು, ಬಿಟ್ಟರು, ಮತ್ತೆ ಕಟ್ಟಿದರು.

“ಬೇರೆ ಕಡೆ ಅವಳ ಮುಖ ಬರಲ್ಲ ಕಣೇ” ಅಂದರು. “ಮನೇಲಿ ಎಷ್ಟು ನೆನೆಸ್ಕೊಂಡ್ರೂ ನಿನ್ನ ಮುಖವೇ ಬರುತ್ತೆ. ಇಲ್ಲಿ ಮಾತ್ರ ಅವಳು ಬರ್ತಿದ್ಲು. ಈಗ ನಾನು ಏನ್ ಮಾಡ್ಲಿ?”

ನನ್ನನ್ನ ನೋಯಿಸೋಕೆ ಹೇಳಿದ್ದಲ್ಲ. ನಿಜವಾಗಿ ಗೊತ್ತಾಗದೆ ಕೇಳಿದ್ದು. ನನಗೂ ಗೊತ್ತಿರಲಿಲ್ಲ. ಸಿಟ್ಟೂ ಬಂತು, ಅಳೂ ಬಂತು, ಯಾವುದು ಮೊದಲು ಅಂತ ಹೇಳಲಾರೆ. ಟ್ಯಾಂಕಿನಲ್ಲಿ ನೀರು ಬಿಳಿಯಾಗಿ ಸುತ್ತುತ್ತಾ ಇತ್ತು. ಎರಡು ನಿಮಿಷ ಆಗಲೇ ಹೋಗಿತ್ತು.

“ಕಣ್ಣು ಮುಚ್ಚಿ” ಅಂದೆ. “ಆಣೆ ವಾಪಸ್ ತಗೊಂಡೆ. ಟೈಮು ನಾನು ನೋಡ್ಕೋತೀನಿ.”

ಮುಚ್ಚಿದರು. ಒಂದು ಗಳಿಗೆ ಬಿಟ್ಟು ಒಂದು ಕಣ್ಣು ತೆರೆದರು.

“ನೀನು ಹಿಂಗೆ ನೋಡ್ತಾ ನಿಂತ್ರೆ ಬರಲ್ಲ.”

ಬೆನ್ನು ತಿರುಗಿಸಿ ನಿಂತೆ. ಆ ದಿನ ಐದು ಟ್ಯಾಂಕು ಹೋಯಿತು, ಫಿಲ್ಟರು ಒಂದು ಸಲವೂ ಕಟ್ಟಲಿಲ್ಲ, ಸ್ಪ್ರೇಯರ್ ಅವರ ಕೈಯಲ್ಲೇ ಉಳೀತು. ಐದು ಸಲವೂ ನಾನು ಹೋಗಿ ಬೆನ್ನು ತಿರುಗಿಸಿ ನಿಂತೆ. ಹತ್ತು ನಿಮಿಷ ಅಂದ್ರೆ ಅಷ್ಟು ಉದ್ದ ಅಂತ ನನಗೆ ಗೊತ್ತಿರಲಿಲ್ಲ.