ಅವ್ವನ ಕಿವಿ ಮತ್ತು ನನ್ನ ಚುರುಟಿನ ಪೆಟ್ಟಿಗೆ

ಅವ್ವ ಎಂಟೂವರೆ ಬಸ್ಸಿಗೆ ಜಯಪುರಕ್ಕೆ ಹೋದಳು. ಅವಳು ಅತ್ತ ಹೋದ ಮೇಲೆ ನನಗೆ ಕೂರಲಿಕ್ಕೂ ಆಗಲಿಲ್ಲ, ನಿಲ್ಲಲಿಕ್ಕೂ ಆಗಲಿಲ್ಲ. ದಸರಾ ರಜೆ, ತಿದ್ದಲು ಉತ್ತರಪತ್ರಿಕೆಗಳೂ ಇಲ್ಲ. ಸುಮ್ಮನೆ ಚುರುಟಿನ ಪೆಟ್ಟಿಗೆಯ ಮುಚ್ಚಳ ಎತ್ತಿದೆ. ಆಗಷ್ಟೇ ಕೀಸುಳಿ ಹೊಡೆದ ಮರದ ವಾಸನೆ, ಜೊತೆಗೆ ಬೆಲ್ಲದ ಡಬ್ಬಿಯಂಥ ಒಂದು ಸಿಹಿ. ಮೂಗನ್ನು ಪೆಟ್ಟಿಗೆಯೊಳಗೇ ಇಟ್ಟುಕೊಂಡು ಕೂತಿದ್ದನ್ನು ಹೆಂಡತಿ ನೋಡಿ, ಹಣೆ ಚಚ್ಚಿಕೊಂಡು ಒಳಗೆ ಹೋದಳು.

ಕೊಪ್ಪದಂಥ ಊರಿನ ಹೈಸ್ಕೂಲು ವಿಜ್ಞಾನ ಮೇಷ್ಟ್ರಿಗೆ ಚುರುಟಿನ ಶೋಕಿ ಎಲ್ಲಿಂದ ಅಂಟಿತು ಎಂದು ನೀವು ಕೇಳಬಹುದು. ತಪ್ಪು ನನ್ನದಲ್ಲ, ಒಬ್ಬ ಹಳೇ ಶಿಷ್ಯನದು. ಈಗ ಹಡಗೊಂದರಲ್ಲಿ ಅಡುಗೆಯವನಾಗಿದ್ದಾನೆ. ಹತ್ತನೇ ಕ್ಲಾಸಿನಲ್ಲಿ ನಾನು ಹೇಗೋ ದಡ ಮುಟ್ಟಿಸಿದ ಉಪಕಾರಕ್ಕೆ ಊರಿಗೆ ಬಂದಾಗಲೆಲ್ಲ ಒಂದು ಕಟ್ಟು ಚುರುಟು ತಂದುಕೊಡುತ್ತಾನೆ. ಭಾನುವಾರಕ್ಕೆ ಒಂದು, ಅದೂ ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ, ಪಕ್ಕದ ಮನೆಯ ಮಕ್ಕಳು ಟ್ಯೂಷನ್ನಿಗೆ ಹೋದ ಮೇಲೆ. ಹೆಂಡತಿಯ ವಿರೋಧವಿತ್ತು. ಅವ್ವನದಿರಲಿಲ್ಲ. ಅವಳು ಎಲೆಯಡಿಕೆಯ ಜೊತೆ ಹೊಗೆಸೊಪ್ಪು ಹಾಕುವವಳು, ನನಗೆ ಬುದ್ಧಿ ಹೇಳುವ ಬಾಯಿ ಅವಳಿಗೆಲ್ಲಿಂದ ಬರಬೇಕು?

ಚುರುಟು ಸೇದುವುದು ಸುಲಭ, ಇಡುವುದೇ ಕಷ್ಟ. ಒಣಗಿದರೆ ಪುಡಿಯಾಗುತ್ತದೆ, ಒದ್ದೆಯಾದರೆ ಬೂಸ್ಟು ಹಿಡಿಯುತ್ತದೆ. ಅದಕ್ಕೆಂದೇ ಹ್ಯೂಮಿಡಾರ್ ಎಂಬ ಮರದ ಪೆಟ್ಟಿಗೆ ಸಿಗುತ್ತದೆ, ಒಳಗಿನ ತೇವವನ್ನು ಹದವಾಗಿ ಕಾಯುವಂಥದ್ದು. ಮಗಳಿಗೆ ಗಂಡು ಹುಡುಕುವವರಂತೆ ಎರಡು ತಿಂಗಳು ಫೋನಿನಲ್ಲಿ ಪೆಟ್ಟಿಗೆ ಹುಡುಕಿದೆ. ಕೊನೆಗೆ ಎರಡು ಉಳಿದವು. ಒಂದಕ್ಕೆ ಗಾಜಿನ ಮುಚ್ಚಳ, ಎದುರಿಗೆ ತೇವ ತೋರಿಸುವ ಮೀಟರು. ಇನ್ನೊಂದು ಬರೀ ಮರದ್ದು. ಅವ್ವನಿಗೂ ತೋರಿಸಿದೆ.

"ಗಾಜು ಎಂತಕ್ಕೆ? ಒಳಗಿದ್ದದ್ದು ಓಡಿ ಹೋಗ್ತದಾ?" ಎಂದಳು. "ಮುಚ್ಚಳ ಗಟ್ಟಿ ಕೂರ್ತದಾ ಇಲ್ವಾ, ಅದು ನೋಡು."

ನಾನು ಮೀಟರಿರುವುದನ್ನೇ ತರಿಸಿದೆ. ಅಳತೆಯಿಲ್ಲದೆ ವಿಜ್ಞಾನವಿಲ್ಲ ಎಂದು ಇಪ್ಪತ್ತು ವರ್ಷ ಪಾಠ ಹೇಳಿದವನು ಇನ್ನೇನು ಮಾಡಿಯಾನು!

ಅವ್ವನ ವಿಷಯ ಹೇಳದೆ ಮುಂದೆ ಹೋದರೆ ನಿಮಗೆ ತಿಳಿಯಲಿಕ್ಕಿಲ್ಲ. ಜಯಪುರದ ಅಡಿಕೆ ಮಂಡಿಯೊಂದರಲ್ಲಿ ಅವಳು ಅಡಿಕೆ ಆರಿಸುವ ಕೆಲಸಕ್ಕೆ ಸೇರಿದಾಗ ನಾನು ಇನ್ನೂ ತೊದಲುತ್ತಿದ್ದೆನಂತೆ. ಮೊದಲು ಕೂಲಿಗೆ ಆರಿಸುವವಳು, ಆಮೇಲೆ ಆರಿಸುವವರಿಗೆಲ್ಲ ಹಿರಿಯಳು. ಮೂಟೆಯೊಳಗೆ ಮೊಣಕೈವರೆಗೆ ಕೈ ಹಾಕಿ, ಒಂದು ಹಿಡಿ ಅಡಿಕೆ ತೆಗೆದು, ಕಿವಿಯ ಹತ್ತಿರ ಅಲ್ಲಾಡಿಸುವಳು. ಒಣಗಿದ್ದು ಕಟಕಟ ಎನ್ನುತ್ತದಂತೆ, ಒಳಗೆ ಹಸಿಯಿದ್ದದ್ದು ಗಂಟಲು ಕಟ್ಟಿದ ಹಾಗೆ. "ಇದು ಇನ್ನೂ ಮೂರು ಬಿಸಿಲು ಕಾಣಬೇಕು" ಎಂದು ಅವಳಂದರೆ ಸಾವುಕಾರರು ಮೂಟೆಯ ಬಾಯಿ ಕಟ್ಟಿಸಿ ವಾಪಸು ಕಳಿಸುತ್ತಿದ್ದರು. ನನ್ನ ಬಿ.ಎಡ್.ವರೆಗಿನ ಓದೆಲ್ಲ ಆ ಕಿವಿಯದೇ ದುಡಿಮೆ.

ಕಳೆದ ಯುಗಾದಿಯ ಹೊತ್ತಿಗೆ ಮಂಡಿಗೆ ತೇವ ನೋಡುವ ಮಿಷನ್ ಬಂತು. ಮೇಗುಂದದ ಕಡೆಯ ಒಂದು ಲೋಡು ಅಡಿಕೆಯನ್ನು ಅವ್ವ ಹಸಿ ಎಂದಳು, ಮಿಷನ್ ಒಣಗಿದೆ ಎಂದಿತು. ಅಡಿಕೆ ತಂದವರು ರೇಗಿದರು. ಸಾವುಕಾರರು, "ಗಿರಿಜಮ್ಮ, ವಯಸ್ಸಾಯ್ತಲ್ಲ, ಕಿವಿ ಮಂದ ಆಗಿರ್ಬೇಕು. ಮನೇಲಿ ಆರಾಮ ಇರಿ" ಎಂದರು. ಮಧ್ಯಾಹ್ನದ ಬಸ್ಸಿಗೇ ವಾಪಸು ಬಂದ ಅವ್ವ ಬುತ್ತಿಯನ್ನೂ ಬಿಚ್ಚಿರಲಿಲ್ಲ.

"ಮಿಷನ್ ಸುಳ್ಳು ಹೇಳ್ತದಾ ಮಗಾ?"

"ಮಿಷನ್ ಯಾಕೆ ಸುಳ್ಳು ಹೇಳ್ತದೆ ಅವ್ವ?" ಎಂದೆ. ಕೈಯಲ್ಲಿದ್ದ ಪೇಪರಿನಿಂದ ತಲೆ ಎತ್ತಿರಲಿಲ್ಲ ನಾನು. ಈಗ ನೆನೆದರೆ ನಾಚಿಕೆಯಾಗುತ್ತದೆ. ಅಂದಿನಿಂದ ಅವಳು ಮಂಡಿಯ ಹೆಸರೆತ್ತಲಿಲ್ಲ. ಟಿ.ವಿ.ಯ ಸದ್ದು ಜಾಸ್ತಿ ಮಾಡಿಸುವಳು, ಎದುರಿಗೇ ಆಡಿದ ಮಾತಿಗೂ "ಎಂತ ಅಂದೆ?" ಎಂದು ಕೇಳುವಳು. ತನ್ನ ಕಿವಿ ಹೋಯಿತೆಂದು ಅವಳೇ ನಂಬಿಬಿಟ್ಟಿದ್ದಳು.

ನನ್ನ ಗಾಜಿನ ಪೆಟ್ಟಿಗೆ ಬಂದದ್ದು ಆಷಾಢದಲ್ಲಿ. ಜೊತೆಗೆ ಬಂದ ಚೀಟಿಯಲ್ಲಿ, ಒಳಗಿನ ಸ್ಪಂಜಿಗೆ ಶುದ್ಧ ನೀರು ಹಾಕಿ ಎಂದು ಬರೆದಿತ್ತು. ಯಾವ ಒಣ ದೇಶದವರು ಬರೆದದ್ದೋ ಏನೋ. ನಮ್ಮಲ್ಲಿ ಆಷಾಢದಲ್ಲಿ ಹಪ್ಪಳ ಡಬ್ಬಿಯೊಳಗೇ ಮೆತ್ತಗಾಗುತ್ತದೆ, ಬೆಂಕಿಕಡ್ಡಿ ಗೀರಿದರೆ ತಲೆ ಕಿತ್ತು ಬರುತ್ತದೆ. ಅಂಥ ದಿನದಲ್ಲಿ ನಾನು, ವಿಜ್ಞಾನದ ಮೇಷ್ಟ್ರು, ಶಾಲೆಯ ಲ್ಯಾಬಿನಿಂದ ಬಾಟಲಿಯಲ್ಲಿ ನೀರು ತಂದು ಪೆಟ್ಟಿಗೆಗೆ ಕುಡಿಸಿದೆ! ಮೀಟರು ಶೇಕಡಾ ಅರವತ್ತೈದು ತೋರಿಸಿತು. ಚೀಟಿಯಲ್ಲಿ ಹೇಳಿದ ಹದ ಅದೇ.

ನಾಲ್ಕು ದಿನ ಬಿಟ್ಟು ಅವ್ವ ಒಂದು ಚುರುಟು ಎತ್ತಿದಳು. ಎರಡು ಬೆರಳಲ್ಲಿ ಮೆಲ್ಲಗೆ ಉರುಳಿಸುತ್ತಾ ಕಿವಿಗೆ ಹಿಡಿದಳು. ಹಳೇ ಅಭ್ಯಾಸ.

"ಇದು ಹಸಿ ಮಾರಾಯ. ಸೊಪ್ಪು ಮಾತೇ ಆಡ್ತಿಲ್ಲ" ಎಂದಳು. ಮರುಗಳಿಗೆಯೇ ಮುಖ ಸಣ್ಣಗೆ ಮಾಡಿಕೊಂಡು, "ನನಗೆ ಕೇಳಲ್ಲ ಬಿಡು" ಎಂದು ಇಟ್ಟುಬಿಟ್ಟಳು.

ನಾನು ಮೀಟರು ತೋರಿಸಿ ಸಮಾಧಾನ ಹೇಳಿದೆ. ಹತ್ತನೇ ದಿನಕ್ಕೆ ಚುರುಟಿನ ಮೇಲೆಲ್ಲ ಬಿಳಿ ಬೂಸ್ಟು.

ಆಗ ನನಗೆ ನೆನಪಾದದ್ದು ನಾನೇ ಬೋರ್ಡಿನ ಮೇಲೆ ಬರೆಸಿದ ಪಾಠ. ಒದ್ದೆ ಉಪ್ಪನ್ನು ಮುಚ್ಚಿದ ಚೀಲದಲ್ಲಿಟ್ಟರೆ ಒಳಗಿನ ತೇವ ಎಪ್ಪತ್ತೈದಕ್ಕೆ ಬಂದು ನಿಲ್ಲುತ್ತದೆ. ಬಾಟಲಿ ಮುಚ್ಚಳದಲ್ಲಿ ಉಪ್ಪು ಕಲಸಿ, ಮೀಟರಿನ ಜೊತೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟೆ. ಮಾರನೇ ದಿನ ನೋಡಿದರೆ ಮೀಟರಿನಲ್ಲಿ ಅರವತ್ತೆರಡು. ಒಂದಲ್ಲ ಎರಡಲ್ಲ, ಹದಿಮೂರು ಕಮ್ಮಿ! ಅಡುಗೆಮನೆಗೆ ಓಡಿದೆ.

"ಅವ್ವ, ಮೀಟರೇ ತಪ್ಪು. ನೀನು ಹೇಳಿದ್ದೇ ಸರಿ."

ತೆಂಗಿನಕಾಯಿ ತುರಿಯುತ್ತಿದ್ದ ಅವಳ ಕೈ ನಿಂತಿತು. "ಹಾಗಾದ್ರೆ ಮಂಡೀಲೂ ನಾನು ಹೇಳಿದ್ದು ಸರಿ ಇತ್ತಾ?"

ಹೂಂ ಎಂದುಬಿಡಬಹುದಿತ್ತು. ಆದರೆ ಚುರುಟಿನ ಮೀಟರು ತಪ್ಪಿದರೆ ಮಂಡಿಯ ಮಿಷನ್ ತಪ್ಪಿತು ಎಂದಾಗುವುದಿಲ್ಲವಲ್ಲ. ಒಮ್ಮೆ ಯೋಚಿಸದೆ ಉತ್ತರ ಕೊಟ್ಟು ಅವಳ ಕಿವಿ ಕಿತ್ತುಕೊಂಡಿದ್ದೆ, ಇನ್ನೊಮ್ಮೆ ಯೋಚಿಸದೆ ವಾಪಸು ಕೊಡಲು ಮನಸ್ಸು ಬರಲಿಲ್ಲ. "ನೋಡಿಯೇ ಬಿಡೋಣ" ಎಂದೆ.

ಬೇರೆ ಬೇರೆ ಹದದ ಮೂವತ್ತು ಅಡಿಕೆ ತಂದೆ. ಅವ್ವ ಕಣ್ಣು ಮುಚ್ಚಿ, ಎರಡೆರಡನ್ನೇ ತಟ್ಟಿ ಕೇಳಿ, ಮೂರು ಗುಂಪು ಮಾಡಿದಳು. ಒಂದೊಂದಕ್ಕೂ ನಂಬರು ಹಚ್ಚಿ ಶಾಲೆಗೆ ಒಯ್ದೆ. ಯಾವುದು ಯಾವ ಗುಂಪಿನದೆಂದು ತಿಳಿಯದ ಒಂಬತ್ತನೇ ಕ್ಲಾಸಿನ ಹುಡುಗಿಯರು ಲ್ಯಾಬಿನ ತಕ್ಕಡಿಯಲ್ಲಿ ತೂಗಿದರು. ಚೂರು ಮಾಡಿ, ಹೆಂಡತಿಯ ಕೇಕಿನ ಓವನ್ನಿನಲ್ಲಿ ಒಣಗಿಸಿ, ಮತ್ತೆ ತೂಗಿಸಿದೆ. ಎಷ್ಟು ತೂಕ ಇಳಿದಿದೆಯೋ ಅಷ್ಟು ನೀರು ಇತ್ತೆಂದು ಲೆಕ್ಕ. ಮೂವತ್ತರಲ್ಲಿ ಇಪ್ಪತ್ತೊಂಬತ್ತು ಅವ್ವ ಹೇಳಿದ ಗುಂಪಿನಲ್ಲೇ ಇದ್ದವು. ಆ ಒಂದನ್ನು ಅವಳು ಇವತ್ತಿಗೂ ಒಪ್ಪಿಲ್ಲ. ನಿನ್ನ ಹುಡುಗಿಯರು ನಂಬರು ಅದಲುಬದಲು ಮಾಡಿದ್ದಾರೆ ಎನ್ನುತ್ತಾಳೆ.

ಹೋದ ವಾರ ಮರದ ಪೆಟ್ಟಿಗೆಯನ್ನೂ ತರಿಸಿದೆ. ಅವ್ವ ಪೇಪರಿನ ಚೂರೊಂದನ್ನು ಮುಚ್ಚಳದ ಸಂದಿಗೆ ಸಿಕ್ಕಿಸಿ ಎಳೆದು ನೋಡಿ, ಬಿಗಿಯಿದೆ ಎಂದು ಪಾಸು ಮಾಡಿದಳು. ಗಾಜಿನದರಲ್ಲಿ ಈಗ ಹೆಂಡತಿಯ ಬಳೆಗಳಿವೆ.

ನಿನ್ನೆ ಊಟಕ್ಕೆ ಕೂತಾಗ, "ನಾಳೆ ಮಂಡಿಗೆ ಹೋಗ್ತೀನಿ. ಸಾವುಕಾರ್ರ ಹತ್ರ ಹೇಳಬೇಕು, ಮಿಷನ್ನೂ ಇರಲಿ, ನಾನೂ ಕೂರ್ತೀನಿ, ಅಡಿಕೆ ಕೊಯ್ದು ನೋಡಿ ಅಂತ" ಎಂದಳು. ನಾನೂ ಬರುತ್ತೇನೆ, ತೂಕದ ಪಟ್ಟಿ ತೋರಿಸುತ್ತೇನೆ ಎಂದೆ. "ನೀ ಎಂತಕ್ಕೆ? ನನಗೆ ಬಾಯಿಲ್ವಾ?" ಎಂದು ಗದರಿದಳು.

ಇವತ್ತು ಸಂಜೆ ಐದೂವರೆಗೇ ಬಸ್‌ಸ್ಟ್ಯಾಂಡಿಗೆ ಹೋಗಿ ನಿಂತೆ. ಬಸ್ಸು ಬರುವಾಗ ಆರು ಗಂಟೆ. ಅವ್ವ ಕೊನೆಯವಳಾಗಿ ಇಳಿದಳು, ಸೆರಗಿನ ತುಂಬ ಅಡಿಕೆಯ ಕೆಂಪು ಧೂಳು. ಬುತ್ತಿ ಖಾಲಿಯಾಗಿತ್ತು.

"ಎಂತಾಯ್ತು ಅವ್ವ?"

"ಏಳು ಮೂಟೆ ವಾಪಸ್ ಕಳಿಸ್ದೆ."

"ಮಿಷನ್ ಏನಂತು?"

"ಮೊದ್ಲು ಒಣಗಿದೆ ಅಂತು. ಸಾವುಕಾರ್ರು ಅಡಕತ್ತರೀಲಿ ಕೊಯ್ದ್ರು ನೋಡು, ಒಳಗೆ ಹಸಿ. ಆಮೇಲೆ ಅದ್ರ ಹತ್ರ ಯಾರೂ ಕೇಳ್ಲಿಲ್ಲ. ನಾಳೆನೂ ಬರಕ್ಕೆ ಹೇಳಿದಾರೆ."

ಸುತ್ತ ನನ್ನ ಶಿಷ್ಯರಿದ್ದರು, ಅವರ ಅಪ್ಪಂದಿರಿದ್ದರು, ನನ್ನನ್ನು ಮೇಷ್ಟ್ರು ಎಂದು ಕರೆಯುವ ಅರ್ಧ ಊರೇ ಇತ್ತು. ನನಗೆ ಎಷ್ಟು ಹೆಮ್ಮೆಯಾಯಿತೆಂದರೆ, ಸರಿಯಾಗಿ ಕೇಳಿಸಿದ್ದರೂ "ಎಷ್ಟು ಮೂಟೆ ಅಂದೆ?" ಎಂದು ಮತ್ತೆ ಕೇಳಿದೆ. ಹೇಳಿದಳು. ಇನ್ನೊಂದು ಸಲ ಕೇಳಿದೆ. ಅವಳಿಗೆ ನನ್ನ ಕಿತಾಪತಿ ಅರ್ಥವಾಯಿತು. ಚೀಲವನ್ನು ನನ್ನ ಕೈಗೆ ತುರುಕಿ, ಸೆರಗು ಸರಿಮಾಡಿಕೊಂಡು, ಬಸ್‌ಸ್ಟ್ಯಾಂಡಿನ ಆ ಕೊನೆಗೂ ಕೇಳುವ ಹಾಗೆ ಕೂಗಿ ಹೇಳಿದಳು: "ಏಳು!"